ಚೀಟಿ ಕನ್ನಡದಲ್ಲಿರಲಿ: ಗಡಿನಾಡಿನ ನರ್ಸುಗಳು ಫೇಸ್‌ಬುಕ್, ವಾಟ್ಸಾಪ್ ಬಳಸುವ ಬಗೆ

ತುಳು ಮಾತಾಡುವ, ಓದಲು ಕನ್ನಡ ಮಾತ್ರ ಬರುವ ಅಜ್ಜಿ. ಕೈಯಲ್ಲಿ ಮಲಯಾಳದ ಡಿಸ್ಚಾರ್ಜ್ ಚೀಟಿ. ಕೇರಳದ ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಡ್ಯೂಟಿ ಮಾಡುವ ಸಿಸ್ಟರುಗಳಿಗೆ ಇದೇನೂ ಹೊಸದಲ್ಲ. ವಾರ್ಡಿನಲ್ಲಿ ತುಳುವಿನಲ್ಲೇ ಬಿಡಿಸಿ ಹೇಳುತ್ತೇವೆ, ಬೈಸ್ಟ್ಯಾಂಡರ್ (ರೋಗಿಯ ಜೊತೆಗೆ ಬಂದವರು) ತಲೆಯಾಡಿಸುತ್ತಾರೆ, ಬಸ್ಸು ಹತ್ತುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಮನೆಗೆ ಒಯ್ಯಲು ಕನ್ನಡದಲ್ಲೊಂದು ಸೂಚನಾ ಹಾಳೆ ಬೇಕು ಎಂಬ ಬೇಡಿಕೆಯನ್ನು ಮುಂದಿಡುವಾಗ ನಾವು ಪಾಲಿಸುವ ಕ್ರಮ ಇದು. ಖಾಲಿ ಹುದ್ದೆ, ಸಂಬಳದ ವಿಷಯಕ್ಕೂ ಹೆಚ್ಚುಕಡಿಮೆ ಇದೇ ದಾರಿ.

ಮೊದಲು ಮನವಿ, ಆಮೇಲೆ ಪೋಸ್ಟ್. ‘ನರ್ಸುಗಳ ಗೋಳು ಕೇಳುವವರಿಲ್ಲ’ ಎಂದು ಬರೆದರೆ ಕೈಮುಗಿಯುವ ಇಮೋಜಿಗಳ ರಾಶಿ ಬೀಳುತ್ತದೆ, ಅಷ್ಟೆ. ಯಾರು ಏನು ಮಾಡಬೇಕು ಎಂಬುದೇ ಅದರಲ್ಲಿಲ್ಲ. ಕೇರಳದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಗ್ರಾಮ ಪಂಚಾಯತಿನ ಕೈಯಲ್ಲಿದೆ, ಸಮುದಾಯ ಆರೋಗ್ಯ ಕೇಂದ್ರ ಬ್ಲಾಕ್ ಪಂಚಾಯತಿನದು, ಜಿಲ್ಲಾ ಆಸ್ಪತ್ರೆ ಜಿಲ್ಲಾ ಪಂಚಾಯತಿನದು. ಹಾಳೆ ಅಚ್ಚು ಹಾಕಿಸುವುದು ಪಂಚಾಯತಿಗೂ ಆಸ್ಪತ್ರೆ ನಿರ್ವಹಣಾ ಸಮಿತಿಗೂ ಸಾಧ್ಯ. ಖಾಯಂ ಹುದ್ದೆ ತುಂಬುವುದು ತಿರುವನಂತಪುರದಿಂದಲೇ, ಅಂದರೆ ರಾಜ್ಯ ಸರ್ಕಾರದಿಂದಲೇ ಆಗಬೇಕು. ಎರಡನ್ನೂ ಒಂದೇ ಪೋಸ್ಟಿನಲ್ಲಿ ಬೆರೆಸಿದರೆ ಇವರು ಅವರನ್ನು ತೋರಿಸುತ್ತಾರೆ, ಅವರು ಇವರನ್ನು. ಮನವಿಯನ್ನು ಕನ್ನಡದಲ್ಲೇ ಬರೆಯಬಹುದು, ಸಂವಿಧಾನದ 350ನೇ ವಿಧಿ ಇರುವುದೇ ಅದಕ್ಕೆ. ಸ್ವೀಕೃತಿ ರಶೀದಿ ಕೇಳಿ ಪಡೆದು, ಸಹಿ ಮತ್ತು ಫೋನ್ ನಂಬರ್ ಮುಚ್ಚಿ, ಅದರ ಚಿತ್ರದೊಂದಿಗೆ ಪೋಸ್ಟ್ ಹಾಕುತ್ತೇವೆ.

ಬರೀ ಬೇಡಿಕೆಯ ಪೋಸ್ಟನ್ನು ಜನ ಓದುವುದಿಲ್ಲ. ಅವರಿಗೆ ಬೇಕಾದ ಮಾತು ಮೊದಲು ಬರಬೇಕು. ನಾವು ಹೆಚ್ಚಾಗಿ ಇನ್ಸುಲಿನ್‌ನಿಂದ ಶುರು ಮಾಡುತ್ತೇವೆ:

‘ನಿಮ್ಮ ಇನ್ಸುಲಿನ್ ಬಾಟಲಿಯ ಮೇಲೆ 40 (ಒಂದು ಮಿ.ಲೀ.ಗೆ 40 ಯೂನಿಟ್) ಎಂದಿದೆಯೇ? ಹಾಗಾದರೆ ಕೆಂಪು ಕ್ಯಾಪ್ ಸಿರಿಂಜೇ ಬೇಕು. ಕಿತ್ತಳೆ ಕ್ಯಾಪ್ ಇರುವುದು 100ರ ಬಾಟಲಿಗೆ. ಅದರಲ್ಲಿ 40ರ ಇನ್ಸುಲಿನ್ ಅನ್ನು 20ರ ಗೆರೆಯವರೆಗೆ ಎಳೆದರೂ ಒಳಗೆ ಹೋಗುವುದು ಬರೀ 8 ಯೂನಿಟ್. ಇದನ್ನು ಕನ್ನಡದಲ್ಲಿ ಅಚ್ಚು ಹಾಕಿದ ಹಾಳೆ ಪ್ರತಿ ರೋಗಿಗೂ ಸಿಗಬೇಕೆಂದು ಪಂಚಾಯತಿಗೆ ಮನವಿ ಕೊಟ್ಟಿದ್ದೇವೆ.’

ಪೂರ್ತಿ ಪೋಸ್ಟ್ ಇಷ್ಟೇ. ಸಿರಿಂಜಿನ ಮಾತನ್ನು ಓದಿದವರಿಗೆ ನರ್ಸಿನ ಕೆಲಸ ಏನೆಂದು ಬೇರೆ ಹೇಳಬೇಕಾಗಿಲ್ಲ. ನಮ್ಮನ್ನು ‘ದೇವತೆ’ ಎನ್ನುವ ಭಾಷೆಯನ್ನು ಬೇಕೆಂದೇ ದೂರವಿಟ್ಟಿದ್ದೇವೆ. 2018ರ ನಿಪಾ ಸೋಂಕಿನ ಹೊತ್ತಿನಲ್ಲಿ, ರೋಗಿಯನ್ನು ನೋಡಿಕೊಂಡ ಪೇರಾಂಬ್ರದ ಲಿನಿ ಸಿಸ್ಟರ್ ಅದೇ ಸೋಂಕಿನಿಂದ ತೀರಿಕೊಂಡಾಗ ‘ಮಾಲಾಖ’ (ಮಲಯಾಳದಲ್ಲಿ ದೇವದೂತೆ) ಎಂಬ ಪದವೇ ಎಲ್ಲೆಡೆ ಓಡಾಡಿತು. ಗೌರವ ಸರಿ, ಆದರೆ ದೇವತೆಗಳಿಗೆ ಡ್ಯೂಟಿ ರೋಸ್ಟರ್ ಇರುವುದಿಲ್ಲ.

ಭಾಷೆಯ ವಿಷಯದಲ್ಲಿ ಎಡವುವುದು ಸಣ್ಣ ಪದಗಳಲ್ಲಿ. ‘ಊಟಕ್ಕೆ ಅರ್ಧ ಗಂಟೆ ಮುಂಚೆ’ ಎಂದು ಬರೆದರೆ ಬೆಳಗಿನ ಇಂಜೆಕ್ಷನ್ ತಪ್ಪಿಹೋಗಬಹುದು. ನಮ್ಮ ಕಡೆ ಊಟವೆಂದರೆ ಅನ್ನ, ಬೆಳಗ್ಗಿನದು ‘ಚಾ’. ‘ಬೆಳಗಿನ ಚಾ-ತಿಂಡಿಗೆ ಮುಂಚೆ’ ಎಂದೇ ಬರೆಯಬೇಕು. ರೀಲ್‌ನಲ್ಲಿ ಮಾತು ತುಳು, ಅಕ್ಷರ ಕನ್ನಡ. ಮಲಯಾಳ ಮಾಧ್ಯಮದಲ್ಲಿ ಓದಿದ ಮಕ್ಕಳಿಗಾಗಿ ವಿವರಣೆಯಲ್ಲಿ ಎರಡು ಸಾಲು ಮಲಯಾಳ. ಅಕ್ಷರಗಳನ್ನು ಕೈಯಾರೆ ಟೈಪ್ ಮಾಡುತ್ತೇವೆ, ಪರದೆಯ ಮಧ್ಯಭಾಗದಲ್ಲೇ ಇಡುತ್ತೇವೆ; ಕೆಳಗಿಟ್ಟರೆ ಆ್ಯಪ್‌ನದೇ ಬರಹ ಮುಚ್ಚಿಬಿಡುತ್ತದೆ. ವಾಟ್ಸಾಪ್‌ಗೆ ಹೋಗುವ ಚಿತ್ರದ ಮೇಲೆಯೇ ತಾರೀಕು, ಪಂಚಾಯತಿನ ಹೆಸರು ಇರಬೇಕು. ಇಲ್ಲದಿದ್ದರೆ ಬೇಡಿಕೆ ಈಡೇರಿದ ಮೇಲೂ ಅದೇ ಚಿತ್ರ ಗುಂಪಿನಿಂದ ಗುಂಪಿಗೆ ಸುತ್ತುತ್ತಾ ಇರುತ್ತದೆ.

ಇನ್ನು ರೋಗಿಯ ಗುಟ್ಟು. ಮುಖ ಮಸುಕು ಮಾಡಿದರೆ ಸಾಕು ಎಂಬುದು ದೊಡ್ಡ ನಗರದ ಲೆಕ್ಕ. ‘ಪೆರ್ಲ ಕಡೆಯ, ಅಡಿಕೆ ಮರದಿಂದ ಬಿದ್ದ 60ರ ಕೃಷಿಕ’ ಎಂದರೆ ಸಂಜೆಯೊಳಗೆ ಊರಿಗೆಲ್ಲ ಹೆಸರು ಗೊತ್ತು. ಊರು, ವಯಸ್ಸು, ಕಸುಬು, ದಿನ ನಾಲ್ಕನ್ನೂ ಬಿಡುತ್ತೇವೆ; ಆಮೇಲೆ ಹೇಳಲು ಏನೂ ಉಳಿಯದಿದ್ದರೆ ಆ ಪೋಸ್ಟೇ ಬೇಡ. ವಾರ್ಡಿನ ಫೋಟೋ ಹಾಕುವುದೇ ಇಲ್ಲ. ಹಿಂದಿನ ಬಿಳಿ ಬೋರ್ಡು, ಕೈಪಟ್ಟಿ, ಡ್ರಿಪ್ ಬಾಟಲಿಯ ಲೇಬಲ್, ಮಾನಿಟರ್ ಯಾವುದರಲ್ಲಾದರೂ ಒಂದು ಹೆಸರು ಇದ್ದೇ ಇರುತ್ತದೆ. ಸಿರಿಂಜನ್ನು ಮನೆಯ ಮೇಜಿನ ಮೇಲಿಟ್ಟು ತೆಗೆದರಾಯಿತು. ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತರಾದ ಮಕ್ಕಳ ಮುಖಗಳು ಎಷ್ಟು ದೂರ ಹೋದವೆಂದು ಕಂಡ ಜಿಲ್ಲೆ ಇದು. ಆ ಚಿತ್ರಗಳಿಂದ ಹೋರಾಟಕ್ಕೆ ಬಲ ಬಂತು, ನಿಜ; ಆದರೆ ಆ ಮಕ್ಕಳು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಕಾಮೆಂಟಿನಲ್ಲಿ ಜಾರುವುದು ಇನ್ನೂ ಸುಲಭ. ‘ನಮ್ಮ ಅಮ್ಮನನ್ನು ನೋಡಿಕೊಂಡ ಸಿಸ್ಟರ್ ನೀವೇ ಅಲ್ವಾ?’ ಎಂದು ಯಾರಾದರೂ ಪ್ರೀತಿಯಿಂದ ಕೇಳಿದಾಗ ‘ಹೌದು, ಈಗ ಹೇಗಿದ್ದಾರೆ?’ ಎಂದರೂ ಗುಟ್ಟು ಬಿಟ್ಟುಕೊಟ್ಟಂತೆಯೇ. ಆ ಕಾಮೆಂಟನ್ನು ಹೈಡ್ ಮಾಡಿ ಸುಮ್ಮನಿರುವುದು. ಡೋಸ್ ಕೇಳಿದವರಿಗೆ ‘ಚೀಟಿ ತೆಗೆದುಕೊಂಡು ಆಸ್ಪತ್ರೆಗೆ ಬನ್ನಿ’ ಎಂಬ ಒಂದೇ ಉತ್ತರ.

ಸಿಬ್ಬಂದಿ ಕೊರತೆ ಬರೆಯುವಾಗ ಲೆಕ್ಕದ ಬಗೆ ಹೇಳದಿದ್ದರೆ ವಾದ ಅಲ್ಲೇ ಸೋಲುತ್ತದೆ. ಭಾರತೀಯ ನರ್ಸಿಂಗ್ ಕೌನ್ಸಿಲಿನ ಮಾನದಂಡ ಸಾಮಾನ್ಯ ಆಸ್ಪತ್ರೆಗೆ 5 ರೋಗಿಗಳಿಗೆ 1 ನರ್ಸ್. 30 ಹಾಸಿಗೆಗೆ ರೋಸ್ಟರಿನಲ್ಲಿ 6 ಹೆಸರಿದ್ದರೆ ಅಧಿಕಾರಿಗಳು ‘ಸರಿಯಾಗಿದೆ’ ಎನ್ನುತ್ತಾರೆ. ಆ 6 ಜನ ಮೂರು ಶಿಫ್ಟಿಗೆ ಹಂಚಿಹೋಗಿ, ಆಫ್, ರಜೆ ಕಳೆದು, ನೈಟಿಗೆ ಉಳಿಯುವುದು 1. ಆದ್ದರಿಂದ ‘ರಾತ್ರಿ ಶಿಫ್ಟಿನಲ್ಲಿ 30 ಹಾಸಿಗೆಗೆ 1’ ಎಂದೇ ಬರೆಯಬೇಕು. ಸರ್ಕಾರಿ ಆಸ್ಪತ್ರೆಯ ಮಂಜೂರಾದ ಮತ್ತು ಖಾಲಿ ಹುದ್ದೆಗಳ ಸಂಖ್ಯೆಯನ್ನು ಮಾಹಿತಿ ಹಕ್ಕಿನ ಅರ್ಜಿಯಲ್ಲೇ ತರಿಸಿಕೊಳ್ಳುತ್ತೇವೆ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ವಾರ್ಡಿನ ರಿಜಿಸ್ಟರ್ ಫೋಟೋ ತೆಗೆದು ಹಾಕಿದರೆ ಮೆಮೊ ಬರುವುದು ನಮಗೇ.

ಸರ್ಕಾರಿ ನೌಕರರಿಗೆ 1960ರ ಕೇರಳ ನಡತೆ ನಿಯಮಗಳಿವೆ, ಖಾಸಗಿಯವರಿಗೆ ನೇಮಕ ಪತ್ರದ ಷರತ್ತುಗಳು. ಟೀಕೆಯಂತೆ ಕಾಣುವ ಪೋಸ್ಟು ನರ್ಸುಗಳ ಸಂಘದ ಪದಾಧಿಕಾರಿಯ ಹೆಸರಲ್ಲಿ ಹೋಗಬೇಕು; ಯೂನಿಫಾರ್ಮ್, ಐಡಿ ಕಾರ್ಡ್, ಆಸ್ಪತ್ರೆಯ ಲೋಗೋ ಯಾವುದೂ ಕಾಣಬಾರದು. ನೈಟ್ ಮುಗಿಸಿ ಬಂದ ಬೆಳಿಗ್ಗೆ ಬರೆದದ್ದನ್ನು ಡ್ರಾಫ್ಟಿನಲ್ಲಿಟ್ಟು, ನಿದ್ದೆ ಮಾಡಿ, ಇನ್ನೊಬ್ಬ ಸಿಸ್ಟರಿಗೆ ಓದಿಸಿದ ಮೇಲೆಯೇ ಹಾಕುವುದು.

ಬೇಡಿಕೆ ಒಪ್ಪಿದರೆ ‘ಮ್ಯಾಟರ್ ಕೊಡಿ’ ಎಂಬ ಕರೆ ಬರುತ್ತದೆ. ಆಗ ಕೊಡಲು ಹಾಳೆ ಸಿದ್ಧ ಇರಬೇಕು. ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನ ಫೈಲು ಬೇರೆ ಕಂಪ್ಯೂಟರಿನಲ್ಲಿ ಚಿತ್ರಾನ್ನವಾಗುತ್ತದೆ. ಅಕ್ಷರ 16 ಪಾಯಿಂಟಿಗಿಂತ ಚಿಕ್ಕದು ಬೇಡ. ಗುಳಿಗೆಯ ಲೆಕ್ಕ 1-0-1 ಎಂದಿರಲಿ, ಪಕ್ಕದಲ್ಲಿ ಸೂರ್ಯ, ಚಂದ್ರರ ಚಿತ್ರ. ಅಚ್ಚಿಗೆ ಹೋಗುವ ಮೊದಲು ಕನ್ನಡ ಓದುವ ಒಬ್ಬ ಅಜ್ಜಿಯ ಕೈಗೆ ಕೊಟ್ಟು, ಗಟ್ಟಿಯಾಗಿ ಓದಿಸಿ, ಸಿರಿಂಜ್ ಎತ್ತಿ ತೋರಿಸಲು ಹೇಳಿ.