ವ್ಯಾನಿನೊಳಗೆ ನಾಲ್ಕು ಜನ: ಜಾಗದ ಲೆಕ್ಕ ನಾವು ಹಾಕಿದ್ದು ಹೀಗೆ

ಕ್ಯಾಂಪರ್‌ವ್ಯಾನ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ವ್ಯಾನ್, ಮಾಡಿಕೊಳ್ಳಲು ಹೊರಟವರು ಮೊದಲು ಯೋಚಿಸುವುದು ಹಾಸಿಗೆ ಎಲ್ಲಿ, ಒಲೆ ಎಲ್ಲಿ ಅಂತ. ಗಂಡ ಹೆಂಡತಿ ಇಬ್ಬರೇ ಇದ್ದರೆ ಅಷ್ಟು ಸಾಕು. ಮಕ್ಕಳಿದ್ದರೆ ಸಾಲದು. ನಾವು ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವವರು. ನಾನು, ಹೆಂಡತಿ, ಹತ್ತು ವರ್ಷದ ಮಗಳು, ಆರು ವರ್ಷದ ಮಗ. ಹಳೆಯದೊಂದು ಫಿಯಾಟ್ ಡುಕಾಟೊ ಸರಕು ವ್ಯಾನ್ ಕೊಂಡು, ಗ್ಯಾಸ್ ಕೆಲಸ ಒಂದನ್ನು ಬಿಟ್ಟು ಒಳಗಿನದೆಲ್ಲ ನಾವೇ ಮಾಡಿಕೊಂಡೆವು. ಹಲಗೆ ಕೊಯ್ಯುವುದಕ್ಕಿಂತ ಜಾಸ್ತಿ ಸಮಯ ಹೋದದ್ದು ಟೇಪು, ಪೆನ್ಸಿಲು ಹಿಡಿದು ಕೂತಿದ್ದಕ್ಕೆ. ಹೊಸದಾಗಿ ಶುರು ಮಾಡುವ ಯಾರಿಗಾದರೂ ನಾನು ಹೇಳುವುದೂ ಅದನ್ನೇ.

ನಮ್ಮ ಇಡೀ ಲೆಕ್ಕ ನಿಂತಿದ್ದು ಒಂದು ಪ್ರಶ್ನೆಯ ಮೇಲೆ. ಹೊರಗೆ ಜೋರು ಮಳೆ, ಸಂಜೆ ಆರು ಗಂಟೆ, ನಾಲ್ಕೂ ಜನ ಒಳಗೆ. ಒಬ್ಬರು ಅಡುಗೆ ಮಾಡುತ್ತಿದ್ದರೆ ಉಳಿದ ಮೂವರು ಎಲ್ಲಿರುತ್ತಾರೆ? ಎಂಟು ಗಂಟೆಗೆ ಮಗ ಮಲಗಿದ ಮೇಲೆ ನಾವು ಎಲ್ಲಿ ಕೂರುತ್ತೇವೆ? ಬಿಸಿಲಿನ ದಿನ ಯಾವ ವ್ಯಾನ್ ಆದರೂ ಚೆನ್ನಾಗಿಯೇ ಇರುತ್ತದೆ, ಬಾಗಿಲು ತೆಗೆದರೆ ಹೊರಗೆಲ್ಲ ನಮ್ಮದೇ ಅಂಗಳ. ಆದರೆ ನಾವು ಜಾಸ್ತಿ ಹೋಗುವುದು ವಾಯುವ್ಯ ಇಂಗ್ಲೆಂಡಿನ ಗುಡ್ಡ, ಸರೋವರಗಳ ಸೀಮೆ ಲೇಕ್ ಡಿಸ್ಟ್ರಿಕ್ಟ್‌ಗೆ. ಇಂಗ್ಲೆಂಡಿನಲ್ಲಿ ಜನವಸತಿ ಇರುವ ಜಾಗಗಳ ಪೈಕಿ ಅತಿ ಹೆಚ್ಚು ಮಳೆ ಬೀಳುವ ಹಳ್ಳಿ ಸೀತ್ವೇಟ್ ಇರುವುದು ಅಲ್ಲೇ. ತೀರ್ಥಹಳ್ಳಿ ಕಡೆ ಬೆಳೆದ ನನಗೆ ಮಳೆ ಹೊಸದಲ್ಲ. ಆದರೆ ಅಲ್ಲಿ ಮಳೆ ನೋಡಲು ದೊಡ್ಡ ಜಗುಲಿ ಇತ್ತು, ಇಲ್ಲಿ ಇರುವುದು ಆರೇಳು ಚದರ ಮೀಟರ್.

ವ್ಯಾನಿನ ಆಯ್ಕೆಯಿಂದಲೇ ಹೇಳುತ್ತೇನೆ, ಯಾಕೆಂದರೆ ಅರ್ಧ ನಕ್ಷೆ ಅಲ್ಲೇ ತೀರ್ಮಾನವಾಗುತ್ತದೆ. ಡುಕಾಟೊ ಒಳಗಿನ ಅಗಲ, ತಗಡಿನಿಂದ ತಗಡಿಗೆ, 187 ಸೆಂ.ಮೀ. ಎರಡೂ ಬದಿಗೆ ಉಣ್ಣೆಯ ಪದರ, ಅದರ ಮೇಲೆ ತೆಳು ಪ್ಲೈವುಡ್ ಹಾಕಿದ ಮೇಲೂ ನಮಗೆ 181 ಉಳಿಯಿತು. ನಾನು 172 ಸೆಂ.ಮೀ. ಎತ್ತರ. ಅಂದರೆ ನಾವು ಅಡ್ಡಡ್ಡ ಮಲಗಬಹುದು! ಆರಡಿ ದಾಟಿದವರಿಗೆ ಈ ಭಾಗ್ಯ ಇಲ್ಲ, ಅವರು ಉದ್ದಕ್ಕೆ ಮಲಗಬೇಕು, ಇಲ್ಲವೇ ಗೋಡೆ ಕೊಯ್ದು ಹೊರಗೆ ಉಬ್ಬು ಕೂರಿಸಬೇಕು. ಅಡ್ಡ ಹಾಸಿಗೆ ಹಿಡಿಯುವುದು ಉದ್ದದಲ್ಲಿ 140 ಸೆಂ.ಮೀ. ಮಾತ್ರ. ಉದ್ದದ ಹಾಸಿಗೆಗೆ 190 ಆದರೂ ಬೇಕು. ಉಳಿಯುವ ಆ ಅರ್ಧ ಮೀಟರಿನಲ್ಲಿ ಒಂದು ಬೀರು, ಒಂದು ಫ್ರಿಜ್ ಬರುತ್ತದೆ. ಮನೆಯವರ ಎತ್ತರ ಅಳೆದು ಆಮೇಲೆ ವ್ಯಾನ್ ನೋಡಲು ಹೋಗಿ.

ನಮ್ಮದು ಆರು ಮೀಟರ್ ಉದ್ದದ ಮಾದರಿ. ಸರಕು ಜಾಗ 370 ಸೆಂ.ಮೀ. ಇದಕ್ಕಿಂತ ಉದ್ದದ್ದೂ ಸಿಗುತ್ತದೆ, ಆದರೆ ಸ್ಕಾಟ್‌ಲೆಂಡಿನ ಒಂಟಿ ಹಾದಿಯ ರಸ್ತೆಗಳಲ್ಲಿ ಎದುರು ಗಾಡಿ ಬಂದಾಗ ಹಿಂದಕ್ಕೆ ಹೋಗಿ ಪಕ್ಕಕ್ಕೆ ಸರಿಯಬೇಕಾಗುತ್ತದೆ. ಊರೊಳಗಿನ ಪಾರ್ಕಿಂಗ್ ಗೆರೆಗಳೂ ಅಷ್ಟು ಉದ್ದ ಇರುವುದಿಲ್ಲ. ಆರು ಮೀಟರ್ ಒಳ್ಳೆಯ ಗಡಿ ಅಂತ ನನಗೆ ಈಗಲೂ ಅನಿಸುತ್ತದೆ.

ಕಾಗದದ ಮೇಲೆ ಮೊದಲು ಬರೆದದ್ದು ಹಾಸಿಗೆ ಅಲ್ಲ, ಮಕ್ಕಳ ಸೀಟು. ಇದರಲ್ಲಿ ರಾಜಿ ಇಲ್ಲ. ಇಬ್ಬರೂ ಮುಂದಕ್ಕೆ ಮುಖ ಮಾಡಿ, ಮೂರು ಬಿಂದುವಿನ (ಸೊಂಟ, ಹೆಗಲು ಎರಡನ್ನೂ ಹಿಡಿಯುವ) ಬೆಲ್ಟ್ ಹಾಕಿ ಕೂರಬೇಕು. ಇಲ್ಲಿ 12 ವರ್ಷ ತುಂಬುವವರೆಗೆ ಅಥವಾ 135 ಸೆಂ.ಮೀ. ಎತ್ತರ ಆಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಮಕ್ಕಳ ಸೀಟು ಕಡ್ಡಾಯ. ಬದಿಗೆ ಮುಖ ಮಾಡಿದ ಬೆಂಚು ಚಿತ್ರದಲ್ಲಿ ಚೆಂದ, ಊಟಕ್ಕೂ ಚೆಂದ. ಓಡುವ ಗಾಡಿಯಲ್ಲಿ ಮಗು ಕೂರುವ ಜಾಗ ಅದಲ್ಲ. ಹಾಗಾಗಿ ಅಪಘಾತದಲ್ಲೂ ಕಿತ್ತು ಬರುವುದಿಲ್ಲವೇ ಅಂತ ಎಳೆದು ಪರೀಕ್ಷೆ ಮಾಡಿದ ಚೌಕಟ್ಟಿನ ಇಬ್ಬರ ಸೀಟು ಕೊಂಡು, ನೆಲದ ಅಡಿಯಲ್ಲಿ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟ್ ಹಾಕಿಸಿದೆವು. ಇಡೀ ವ್ಯಾನಿನಲ್ಲಿ ದುಡ್ಡು ಜಾಸ್ತಿ ಹೋದ ಜಾಗಗಳಲ್ಲಿ ಇದೂ ಒಂದು. ಹೋಗಲೇಬೇಕಾದ ಜಾಗ ಕೂಡ.

ಈ ಸೀಟು ಎಲ್ಲಿ ಅನ್ನುವುದು ತೀರ್ಮಾನವಾದ ಕೂಡಲೇ ಉಳಿದದ್ದು ತಾನಾಗಿ ಜಾಗಕ್ಕೆ ಬಂತು. ಬ್ರಿಟನ್ನಿನ ಡುಕಾಟೊದಲ್ಲಿ ಡ್ರೈವರ್ ಬಲಕ್ಕೆ, ಜಾರುವ ಬಾಗಿಲು ಎಡಕ್ಕೆ. ಹಾಗಾಗಿ ಮಕ್ಕಳ ಸೀಟು ಬಲಗಡೆ, ಡ್ರೈವರ್ ಹಿಂದೆ. ಡ್ರೈವರ್ ಸೀಟಿಗೆ ತಿರುಗುವ ಪೀಠ ಹಾಕಿದರೆ ಅದು ಹಿಂದಕ್ಕೆ ತಿರುಗುತ್ತದೆ, ನಡುವೆ ಮಡಚುವ ಮೇಜು. ತಿರುಗಿಸುವಾಗ ಹ್ಯಾಂಡ್‌ಬ್ರೇಕ್ ಅಡ್ಡ ಬರುತ್ತದೆ, ಅದನ್ನು ತಗ್ಗಿಸುವ ಬ್ರ್ಯಾಕೆಟ್ ಸಿಗುತ್ತದೆ. ಮುಂದಿನ ಎಡಗಡೆಯ ಇಬ್ಬರ ಸೀಟನ್ನು ಹಾಗೇ ಬಿಟ್ಟೆವು. ಅದನ್ನು ತೆಗೆದು ಒಂಟಿ ತಿರುಗುವ ಸೀಟು ಹಾಕುವವರೇ ಜಾಸ್ತಿ, ಕೂರಲು ಆರಾಮ ನಿಜ. ಆದರೆ ಬೇಸಿಗೆಯಲ್ಲಿ ಊರಿನಿಂದ ಅಮ್ಮ ಬರುತ್ತಾರೆ. ಐದನೇ ಬೆಲ್ಟ್ ಇಲ್ಲದಿದ್ದರೆ ಅಮ್ಮನನ್ನು ಮನೆಯಲ್ಲಿ ಬಿಟ್ಟು ಹೋಗಬೇಕು. ಅದು ಆಗದ ಮಾತು.

ಇನ್ನು ಮಲಗುವ ಲೆಕ್ಕ. ನಾವು ಅತಿ ಹೆಚ್ಚು ತಲೆ ಕೆಡಿಸಿಕೊಂಡದ್ದು ಇದಕ್ಕೆ. ಸಾಮಾನ್ಯವಾಗಿ ಎಲ್ಲರೂ ಮಾಡುವುದು ಹಿಂದೆ ದೊಡ್ಡವರ ಹಾಸಿಗೆ, ಮುಂದಿನ ಮೇಜನ್ನು ಇಳಿಸಿ ಮಕ್ಕಳ ಹಾಸಿಗೆ. ಕಾಗದದ ಮೇಲೆ ಸರಿಯಾಗಿಯೇ ಕೂರುತ್ತದೆ. ಆದರೆ ಮಕ್ಕಳು ಎಂಟಕ್ಕೆ ಮಲಗುತ್ತಾರೆ, ನಾವು ಹತ್ತಕ್ಕೆ. ಆ ಎರಡು ಗಂಟೆ ದೊಡ್ಡವರಿಗೆ ಕೂರಲು ಜಾಗವೇ ಇಲ್ಲ, ಇರುವ ಒಂದೇ ಮೇಜು ಮಕ್ಕಳ ಬೆನ್ನಿನಡಿ ಹೋಗಿರುತ್ತದೆ. ಬೆಳಿಗ್ಗೆ ಅದನ್ನೆಲ್ಲ ಮಡಚಿದ ಮೇಲೇ ಕಾಫಿ. ನಮಗೆ ಬೇಕಾಗಿದ್ದು ಮಕ್ಕಳು ಮಲಗಿದ ಮೇಲೂ ಮೇಜು ಮೇಜಾಗಿಯೇ ಉಳಿಯುವ ವ್ಯವಸ್ಥೆ.

ಹಾಗಾಗಿ ಹಿಂದೆಯೇ ಎರಡು ಅಂತಸ್ತು ಮಾಡಿದೆವು. ಕೆಳಗೆ ನಾವು, ಮೇಲೆ ಮಕ್ಕಳು. ಮೇಲಿನದನ್ನು ಮಕ್ಕಳು ಅಟ್ಟ ಅಂತಲೇ ಕರೆಯುತ್ತಾರೆ. ಎತ್ತರದ ಲೆಕ್ಕ ಬಹಳ ಬಿಗಿ. ನೆಲ, ಚಾವಣಿ ಎಲ್ಲ ಮುಗಿದ ಮೇಲೆ ಒಳಗಿನ ಎತ್ತರ 186 ಸೆಂ.ಮೀ. ಕೆಳಗಿನ ಹಾಸಿಗೆಯ ಮೇಲ್ಮೈ 58ರಲ್ಲಿ. ಅದರ ಮೇಲೆ 62 ಖಾಲಿ. ಆಮೇಲೆ ಅಟ್ಟದ ಪಟ್ಟಿ, ಹಾಸಿಗೆ ಸೇರಿ 10. ಮಕ್ಕಳಿಗೆ ಉಳಿಯುವುದು 56. ನಾವು ಹಾಸಿಗೆಯ ಮೇಲೆ ನೆಟ್ಟಗೆ ಕೂರಲು ಆಗುವುದಿಲ್ಲ, ಮಕ್ಕಳಿಗೂ ಕಷ್ಟ. ಆದರೆ ಮಲಗುವುದು ಬಿಟ್ಟು ಅಲ್ಲಿ ಬೇರೆ ಕೆಲಸ ಇಲ್ಲ, ಅಲ್ವಾ? ಮಗಳು ಬೋರಲು ಮಲಗಿ ಓದುತ್ತಾಳೆ, ಅದಕ್ಕೆ ಅವಳ ತಲೆಯ ಹತ್ತಿರ ಸಣ್ಣ ದೀಪ, ಪುಸ್ತಕ ಸಿಕ್ಕಿಸುವ ಜೇಬು ಇಟ್ಟೆವು. ಅಟ್ಟ ಎರಡು ತುಂಡಾಗಿದೆ, ಹಗಲು ಮುಂದಿನ ತುಂಡನ್ನು ಹಿಂದಿನದರ ಮೇಲೆ ಎತ್ತಿಟ್ಟರೆ ಕೆಳಗೆ ಕೂರಲು ಜಾಗವಾಗುತ್ತದೆ. ಬೀಳದಂತೆ ಅಂಚಿಗೆ ಗಟ್ಟಿ ಬಲೆ. ಹಿಂದಿನ ಬಾಗಿಲಿನ ಒಳಗಿನ ಹಿಡಿಯನ್ನು ಮಾತ್ರ ಹಲಗೆಯಿಂದ ಮುಚ್ಚಲಿಲ್ಲ. ಒಲೆ ಇರುವುದು ವ್ಯಾನಿನ ನಡುವೆ, ಅಲ್ಲಿ ಬೆಂಕಿ ಹತ್ತಿದರೆ ಮಲಗಿದವರಿಗೆ ಹಿಂದಿನಿಂದ ಹೊರಗೆ ಹೋಗುವ ದಾರಿ ಬೇಕು. ಹೊಗೆ ಮತ್ತು ಕಾರ್ಬನ್ ಮೊನಾಕ್ಸೈಡ್ ಅಲಾರಂ ಎರಡೂ ಇವೆ.

ಹಾಸಿಗೆಗೆ 140 ಹೋದರೆ ಉಳಿದದ್ದು 230. ಎಡಗಡೆ ಜಾರುವ ಬಾಗಿಲೇ 125 ತಿನ್ನುತ್ತದೆ. ಅಡುಗೆಗೆ ಸಿಕ್ಕಿದ್ದು 105.

ಈ 105ರಲ್ಲಿ ಒಲೆ ಬಾಗಿಲಿನ ಕಡೆ, ಸಿಂಕ್ ಹಾಸಿಗೆಯ ಕಡೆ. ಇಲ್ಲಿನವರ ಎಷ್ಟೋ ನಕ್ಷೆಗಳಲ್ಲಿ ಉಲ್ಟಾ ಇರುತ್ತದೆ, ಅವರಿಗೆ ಅದರಿಂದ ತೊಂದರೆಯೂ ಇಲ್ಲ. ನಮ್ಮದು ಒಗ್ಗರಣೆಯ ಅಡುಗೆ. ಸಾಸಿವೆ ಸಿಡಿದು, ಒಣಮೆಣಸಿನಕಾಯಿ ಘಾಟು ಎದ್ದರೆ ಅದು ನೇರ ಬಟ್ಟೆ, ಹಾಸಿಗೆಗೆ ಹೋಗಿ ಕೂರುತ್ತದೆ. ಒಲೆ ಬಾಗಿಲ ಪಕ್ಕ, ಅದರ ಮೇಲಿನ ಚಾವಣಿಯಲ್ಲಿ 40 ಸೆಂ.ಮೀ. ಚೌಕದ ಫ್ಯಾನ್. ಬಾಗಿಲು ಒಂದು ಗೇಣು ತೆರೆದು ಫ್ಯಾನ್ ಹಾಕಿದರೆ ಘಾಟು ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಒಲೆಯ ಮೇಲುಗಡೆ ಬೀರು ಕೂಡ ಇಡಲಿಲ್ಲ. ಕುಕ್ಕರ್ ಕೂಗಿದಾಗ ಹಾರುವ ಹಬೆ, ಬೇಳೆ ನೀರು ಎಲ್ಲ ಆ ಬೀರಿನ ತಳಕ್ಕೇ ಹೊಡೆಯುತ್ತಿತ್ತು.

ಒಲೆ ಕೊಳ್ಳುವಾಗ ಹೆಂಡತಿ ಮನೆಯಿಂದ ಮೂರು ಲೀಟರಿನ ಕುಕ್ಕರನ್ನೂ ದೋಸೆ ಕಾವಲಿಯನ್ನೂ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಬಂದಳು. ಎರಡು ಬರ್ನರಿನ ಒಲೆಗಳ ಮೇಲೆ ಒಂದೊಂದಾಗಿ ಇಟ್ಟು ನೋಡಿದೆವು. ಬಹಳಷ್ಟು ಒಲೆಗಳಲ್ಲಿ ಬರ್ನರುಗಳು ಎಷ್ಟು ಹತ್ತಿರ ಅಂದರೆ, 28 ಸೆಂ.ಮೀ. ಕಾವಲಿ ಇಟ್ಟರೆ ಪಕ್ಕದಲ್ಲಿ ಕುಕ್ಕರ್ ಕೂರುವುದೇ ಇಲ್ಲ, ಕಾವಲಿ ಸ್ವಲ್ಪ ಸರಿಸಿದರೆ ಅದರ ಅಂಚು ಹಿಂದಿನ ಗಾಜಿನ ಮುಚ್ಚಳಕ್ಕೆ ತಾಗುತ್ತದೆ. ಕೊನೆಗೆ ಬರ್ನರುಗಳು ಓರೆಯಾಗಿ, ಒಂದು ಮುಂದೆ ಒಂದು ಹಿಂದೆ ಇರುವ ಒಲೆ ಸಿಕ್ಕಿತು. ಅಲ್ಲಿ ಎರಡೂ ಕೂತವು. ದಿನಾ ಯಾವ ಪಾತ್ರೆಯಲ್ಲಿ ಅಡುಗೆ ಮಾಡುತ್ತೀರೋ ಅದನ್ನೇ ತೆಗೆದುಕೊಂಡು ಹೋಗಿ. ಅಳತೆ ಬರೆದುಕೊಂಡು ಹೋದರೆ ಈ ಓರೆಕೋರೆ ಗೊತ್ತಾಗುವುದಿಲ್ಲ.

ಸಿಲಿಂಡರ್ ಇರುವ ಪೆಟ್ಟಿಗೆ ಒಳಗಿನ ಗಾಳಿಗೆ ಪೂರ್ತಿ ಮುಚ್ಚಿರಬೇಕು, ತಳದಲ್ಲಿ ನೆಲ ಕೊರೆದು ಹೊರಕ್ಕೆ ರಂಧ್ರ ಬಿಡಬೇಕು. ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಇಳಿಯುತ್ತದೆ. ಪೈಪ್ ಜೋಡಣೆಯನ್ನು ಗ್ಯಾಸ್ ಸೇಫ್ (ಇಲ್ಲಿನ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇರುವವರಿಂದಲೇ ಮಾಡಿಸಿದೆವು.

ಬಲಗಡೆ ಸೀಟಿನ ಹಿಂದೆ ಫ್ರಿಜ್ ಮತ್ತು ಬಟ್ಟೆಯ ಬೀರು, ಅದರ ಹಿಂದೆ ಹಾಸಿಗೆಗೆ ತಾಗಿದಂತೆ 45 ಸೆಂ.ಮೀ. ಎತ್ತರದ ಪೆಟ್ಟಿಗೆ. ಅದರೊಳಗೆ ಹೊರಗೆಳೆಯುವ ಟಾಯ್ಲೆಟ್. ನನಗೆ ಇಡೀ ವ್ಯಾನಿನಲ್ಲಿ ಅತಿ ಇಷ್ಟದ ತುಣುಕು ಈ ಪೆಟ್ಟಿಗೆ. ಮುಚ್ಚಳ ಹಾಕಿದರೆ ಅದು ಅಟ್ಟ ಹತ್ತಲು ಮಕ್ಕಳಿಗೆ ಮೆಟ್ಟಿಲು. ಹಗಲು ಅಮ್ಮನಿಗೆ ಕೂರುವ ಜಾಗ, ಮಂಡಿ ನೋವಿದ್ದವರಿಗೆ ಎದ್ದು ಕೂರಲು ಆ ಎತ್ತರ ಸರಿಯಾಗಿದೆ. ವ್ಯಾನಿನ ನೆಲವೇ ರಸ್ತೆಯಿಂದ ಅರ್ಧ ಮೀಟರಿಗಿಂತ ಜಾಸ್ತಿ ಎತ್ತರ, ಅದಕ್ಕೆ ಬಾಗಿಲಲ್ಲಿ ಮಡಚುವ ಮೆಟ್ಟಿಲು, ಪಕ್ಕದಲ್ಲಿ ಗಟ್ಟಿ ಹಿಡಿ ಹಾಕಿದೆವು. ಹಿಡಿ ಎಷ್ಟು ಎತ್ತರಕ್ಕೆ ಅನ್ನುವುದನ್ನು ಅಮ್ಮನ ಕೈ ನೋಡಿಯೇ ಗುರುತು ಹಾಕಿದ್ದು.

ಇದೆಲ್ಲ ಹಲಗೆಗೆ ಬರುವ ಮೊದಲು ಗ್ಯಾರೇಜಿನ ನೆಲದ ಮೇಲೆ ಬಂತು. ಅಂಟು ಟೇಪಿನಿಂದ 181 ಅಗಲ, 370 ಉದ್ದದ ಆಯತ, ಅದರೊಳಗೆ ರಟ್ಟಿನ ಪೆಟ್ಟಿಗೆಗಳು. ಕಂಪ್ಯೂಟರಿನಲ್ಲೂ ಬಿಡಿಸಬಹುದು, ಚೆನ್ನಾಗಿ ಕಾಣುತ್ತದೆ, ಆದರೆ ಅದರಲ್ಲಿ ಮೊಣಕೈ ತಾಗುವುದಿಲ್ಲ. ನಾವು ನಾಲ್ಕೂ ಜನ ಟೇಪಿನೊಳಗೇ ಒಂದಿಡೀ ಸಂಜೆ ಕಳೆದೆವು. ಅಲ್ಲೇ ಊಟ, ಅಲ್ಲೇ ಮಗಳ ಹೋಮ್‌ವರ್ಕ್. ಒಬ್ಬರು ಒಲೆಯ ಮುಂದೆ ನಿಂತಾಗ ಹಿಂದಿನಿಂದ ಇನ್ನೊಬ್ಬರು ದಾಟಲು 60 ಸೆಂ.ಮೀ. ದಾರಿ ಸಾಲದು, 70 ಬೇಕು ಅಂತ ಗೊತ್ತಾದದ್ದು ಹಾಗೆ. ಬೀರಿನ ಆಳವನ್ನೂ ಅಡುಗೆ ಕಟ್ಟೆಯ ಆಳವನ್ನೂ ಐದೈದು ಸೆಂ.ಮೀ. ಇಳಿಸಿದೆವು. ಊಟಕ್ಕೆ ನಾಲ್ಕನೆಯವರಿಗೆ ಜಾಗ ಇಲ್ಲ ಅನ್ನುವುದೂ ಅಲ್ಲೇ ತಿಳಿದು, ಬಾಗಿಲ ಹತ್ತಿರ ಮಡಚುವ ಸ್ಟೂಲಿಗೆ ಜಾಗ ಹುಡುಕಿದೆವು.

ಕೊನೆಯದು ತೂಕ, ಮತ್ತು ಇದನ್ನು ನಕ್ಷೆ ಬರೆಯುವಾಗಲೇ ಲೆಕ್ಕ ಹಾಕಿ. ಇಲ್ಲಿ 1997ರ ಜನವರಿಯಿಂದೀಚೆಗೆ ಲೈಸೆನ್ಸ್ ಪಡೆದವರು, ಅಂದರೆ ನಮ್ಮಂಥವರೆಲ್ಲ, ಡೀಸೆಲ್ ವ್ಯಾನ್ ಆದರೆ 3500 ಕೆಜಿವರೆಗಿನದನ್ನು ಮಾತ್ರ ಓಡಿಸಬಹುದು. ಖಾಲಿ ವ್ಯಾನೇ ಸುಮಾರು 2000. ಉಳಿದದ್ದು ಬಹಳ ಅನ್ನಿಸುತ್ತದೆ, ಸುಮ್ನೆ ಕರಗುತ್ತದೆ. 18 ಮಿ.ಮೀ. ಬರ್ಚ್ ಪ್ಲೈವುಡ್ಡಿನ ದೊಡ್ಡ ಹಾಳೆ ಒಂದೇ ಸುಮಾರು 36 ಕೆಜಿ. 15 ಮಿ.ಮೀ. ಪಾಪ್ಲರ್ ಅನ್ನುವ ಹಗುರ ಮರದ ಪ್ಲೈವುಡ್ ಆದರೆ 20ರ ಆಸುಪಾಸು. ನಾವು ಹಾಸಿಗೆಯ ಚೌಕಟ್ಟು ಬಿಟ್ಟು ಮಿಕ್ಕದ್ದಕ್ಕೆಲ್ಲ ಪಾಪ್ಲರ್ ಬಳಸಿದೆವು. 70 ಲೀಟರ್ ನೀರು ಅಂದರೆ 70 ಕೆಜಿ. ಅದನ್ನು ಹಾಸಿಗೆಯಡಿ ಎಡಗಡೆ, ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ಹತ್ತಿರವೇ ಇಟ್ಟು, ಬ್ಯಾಟರಿಯನ್ನು ಬಲಗಡೆ ಮಕ್ಕಳ ಸೀಟಿನಡಿ ಇಟ್ಟೆವು. ಭಾರ ಎಲ್ಲ ಹಿಂದಿನ ಬಾಗಿಲ ಹತ್ತಿರ ಹೋದರೆ ಮುಂದಿನ ಚಕ್ರ ಹಗುರವಾಗುತ್ತದೆ. ಡುಕಾಟೊದಲ್ಲಿ ಎಂಜಿನ್ ಎಳೆಯುವುದು ಮುಂದಿನ ಚಕ್ರವನ್ನೇ, ಒದ್ದೆ ಹುಲ್ಲಿನ ಮೇಲೆ ನಿಲ್ಲಿಸಿದರೆ ಅದು ಅಲ್ಲೇ ಸುತ್ತುತ್ತದೆ. ಎಲ್ಲ ಜೋಡಿಸಿ, ನೀರು ತುಂಬಿ, ಮಕ್ಕಳನ್ನೂ ಅಮ್ಮನನ್ನೂ ಕೂರಿಸಿಕೊಂಡೇ ಗಾಡಿ ತೂಗುವ ಸಾರ್ವಜನಿಕ ವೇಬ್ರಿಡ್ಜ್‌ಗೆ ಹೋದೆವು. ಒಟ್ಟು ತೂಕದ ಜೊತೆ ಎರಡೂ ಆಕ್ಸಲ್‌ಗಳ ತೂಕವನ್ನು ಬೇರೆ ಬೇರೆ ಕೇಳಿ ಬರೆಸಿಕೊಳ್ಳಿ. ವ್ಯಾನಿಗೆ ಅಂಟಿಸಿರುವ ತಯಾರಕರ ಫಲಕದಲ್ಲಿ ಮೂರಕ್ಕೂ ಮಿತಿ ಬರೆದಿರುತ್ತದೆ.