ರೀಫರ್ ಕಂಟೇನರಿನ ತಾಪಮಾನ ವರದಿಯನ್ನು ಮುದ್ರಿಸುವ ಕ್ರಮ

ಶ್ರೀನಿವಾಸಪುರದ ಪ್ಯಾಕ್‌ಹೌಸಿನಲ್ಲಿ ಬಾದಾಮಿ ಮಾವನ್ನು ತುಂಬಿಸಿಕೊಂಡು ಚೆನ್ನೈ ಬಂದರಿಗೆ ಹೊರಡುವ ರೀಫರ್ (ತಂಪುಯಂತ್ರವಿರುವ) ಕಂಟೇನರ್ ಹಡಗೇರಿ ಖರೀದಿದಾರನನ್ನು ತಲುಪುವವರೆಗೂ, ಅದರ ಕಂಟ್ರೋಲರ್, ಅಂದರೆ ತಂಪುಯಂತ್ರವನ್ನು ನಡೆಸುವ ಸಾಧನ, ಒಳಗಿನ ಗಾಳಿಯ ತಾಪಮಾನವನ್ನು ಸಾಮಾನ್ಯವಾಗಿ ಗಂಟೆಗೊಮ್ಮೆ ದಾಖಲಿಸುತ್ತಿರುತ್ತದೆ. ಹಣ್ಣು ಕೆಟ್ಟಿದೆಯೆಂಬ ತಕರಾರು ಬಂದಾಗ ಖರೀದಿದಾರನೂ ವಿಮೆಯ ಸರ್ವೇಯರೂ ಕೇಳುವುದು ಈ ದಾಖಲೆಯನ್ನೇ. ಅದನ್ನು ತೆರೆದು ಪ್ರಿಂಟ್ ಕೊಡುವುದು ಸುಲಭವಾದರೂ, ತಂತ್ರಾಂಶ ತಾನಾಗಿಯೇ ರೂಪಿಸಿಕೊಡುವ ವರದಿ ಪರರ ಕೈಯಲ್ಲಿ ತಪ್ಪು ಅರ್ಥಕ್ಕೆ ಎಡೆಮಾಡಬಹುದು. ಆದ್ದರಿಂದ ನಿಜವಾದ ಕೆಲಸವಿರುವುದು ಮುದ್ರಣಕ್ಕೆ ಮುಂಚೆ.

ಶಿಪ್ಪಿಂಗ್ ಲೈನಿನ ತಂತ್ರಜ್ಞರು ಕಂಟೇನರಿನಿಂದ ಇಳಿಸಿ ಕಳುಹಿಸುವ ಕಡತವನ್ನು ಆಯಾ ಕಂಪನಿಯ ತಂಪುಯಂತ್ರದ ತಂತ್ರಾಂಶದಲ್ಲಿಯೇ ತೆರೆಯಬೇಕು. ಕ್ಯಾರಿಯರ್ ಯಂತ್ರಕ್ಕೆ ಡೇಟಾಲೈನ್ ಇದೆ, ಥರ್ಮೋ ಕಿಂಗ್ ಯಂತ್ರಕ್ಕೆ ಲಾಗ್‌ವ್ಯೂ ಇದೆ. ತೆರೆದ ಕೂಡಲೇ ತಲೆಬರಹದಲ್ಲಿರುವ ಕಂಟೇನರ್ ಸಂಖ್ಯೆಯನ್ನು, ಅಂದರೆ ನಾಲ್ಕು ಅಕ್ಷರ ಮತ್ತು ಏಳು ಅಂಕಿಗಳನ್ನು, ಹಡಗು ಕಂಪನಿ ಕೊಡುವ ಸಾಗಣೆ ರಸೀದಿಯಾದ ಬಿಲ್ ಆಫ್ ಲೇಡಿಂಗ್‌ನೊಂದಿಗೆ ತಾಳೆ ನೋಡಿ. ಕಂಟ್ರೋಲರ್ ಬದಲಾಯಿಸಿದಾಗ ಯಾರಾದರೂ ಹೊಸ ಸಂಖ್ಯೆ ನಮೂದಿಸಲು ಮರೆತಿದ್ದರೆ ಬೇರೆ ಪೆಟ್ಟಿಗೆಯ ಸಂಖ್ಯೆಯೇ ಕಾಗದಕ್ಕೆ ಬರುತ್ತದೆ. ಅಂಥ ವರದಿಯನ್ನು ಯಾವ ಸರ್ವೇಯರೂ ಒಪ್ಪುವುದಿಲ್ಲ.

ಬಳಿಕ ಸಮಯವನ್ನು ಗಮನಿಸಬೇಕು. ಕಂಟ್ರೋಲರುಗಳ ಗಡಿಯಾರ ಸಾಮಾನ್ಯವಾಗಿ ಗ್ರೀನಿಚ್ ಸಮಯದಲ್ಲಿರುತ್ತದೆ, ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಮೇ 7ರ ನಸುಕಿನ 2 ಗಂಟೆಗೆ ಮುಳಬಾಗಿಲಿನ ಆಚೆ ಚಾಲಕ ಲಾರಿ ನಿಲ್ಲಿಸಿ, ಕಂಟೇನರಿಗೆ ವಿದ್ಯುತ್ ಕೊಡುವ ಜೆನ್‌ಸೆಟ್ ಆರಿಸಿದ್ದರೆ, ವರದಿಯಲ್ಲಿ ಅದು ಮೇ 6ರ ರಾತ್ರಿ 8.30ಕ್ಕೆ ಕಾಣಿಸುತ್ತದೆ, ಆ ಹೊತ್ತಿಗೆ ಕಂಟೇನರ್ ಪ್ಯಾಕ್‌ಹೌಸಿನಲ್ಲಿಯೇ ಇತ್ತೆಂದು ಓದುವವರು ಭಾವಿಸಿದರೆ ತಪ್ಪು ನಿಮ್ಮ ತಲೆಗೆ ಬರುತ್ತದೆ. ಹಾಗೆಂದು ಸಮಯವನ್ನು ಬದಲಾಯಿಸುವುದು ಒಳ್ಳೆಯದಲ್ಲ. ಗ್ರೀನಿಚ್ ಸಮಯವನ್ನೇ ಉಳಿಸಿಕೊಂಡು, ವ್ಯತ್ಯಾಸವನ್ನು ಮೇಲ್ಪತ್ರದಲ್ಲಿ ಒಂದು ಸಾಲಿನಲ್ಲಿ ತಿಳಿಸುವುದೇ ಮೇಲು. ದಿನಾಂಕದಲ್ಲಿ ತಿಂಗಳು ಮೊದಲು ಬರುತ್ತಿದೆಯೇ, ತಾಪಮಾನ ಫ್ಯಾರನ್‌ಹೀಟ್‌ನಲ್ಲಿದೆಯೇ ಎಂಬುದನ್ನೂ ಈಗಲೇ ನೋಡಿ ಸರಿಪಡಿಸಿಕೊಳ್ಳಿ.

ಅವಧಿಯನ್ನು ಆರಿಸದೇ ಬಿಟ್ಟರೆ ಹಿಂದಿನ ಸರಕಿನ ದಾಖಲೆಯೂ ಸೇರಿ ಕಟ್ಟುಗಟ್ಟಲೆ ಕಾಗದ ಹೊರಬರುತ್ತದೆ. ಸರಕು ತುಂಬಲು ಆರಂಭಿಸಿದ ಗಂಟೆಯಿಂದ, ಅತ್ತ ಬಾಗಿಲು ತೆರೆದ ಗಂಟೆಯವರೆಗೆ ಆರಿಸಿದರೆ ಸಾಕು. ಖಾಲಿ ಪೆಟ್ಟಿಗೆಯನ್ನು ಪರೀಕ್ಷಿಸುವ ಪಿಟಿಐ (ಪ್ರೀ-ಟ್ರಿಪ್ ಇನ್ಸ್‌ಪೆಕ್ಷನ್) ವೇಳೆಯಲ್ಲಿ ಯಂತ್ರವನ್ನು ಬೇಕೆಂದೇ ಬೇರೆ ಬೇರೆ ತಾಪಮಾನಗಳಲ್ಲಿ ಓಡಿಸುವುದರಿಂದ ಆ ಭಾಗವನ್ನು ಪ್ರತ್ಯೇಕ ಹಾಳೆಯಲ್ಲಿಡಬೇಕು. ಆದರೆ ಪ್ರಯಾಣದ ನಡುವಿನ ಒಂದು ಗಂಟೆಯನ್ನೂ, ಅದು ಎಷ್ಟೇ ಮುಜುಗರದ್ದಾಗಿರಲಿ, ಕತ್ತರಿಸಬಾರದು.

ಕೋಷ್ಟಕದಲ್ಲಿ ಸೆಟ್ ಪಾಯಿಂಟ್ (ಯಂತ್ರಕ್ಕೆ ನಿಗದಿಪಡಿಸಿದ ತಾಪಮಾನ), ಸಪ್ಲೈ ಏರ್, ರಿಟರ್ನ್ ಏರ್ ಈ ಮೂರು ಕಾಲಮ್ಮುಗಳು ಇರಲೇಬೇಕು. ಮಾವಿನಂಥ ತಾಜಾ ಹಣ್ಣಿನ ಸಾಗಣೆಯಲ್ಲಿ ಯಂತ್ರ ನಿಯಂತ್ರಿಸುವುದು ಒಳಗೆ ಊದುವ ಸಪ್ಲೈ ಗಾಳಿಯನ್ನು; ಹೆಪ್ಪುಗಟ್ಟಿಸಿದ ಸರಕಿನಲ್ಲಾದರೆ ಮರಳಿ ಬರುವ ರಿಟರ್ನ್ ಗಾಳಿಯನ್ನು. ತೋಟದ ಬಿಸಿಯನ್ನು ಹೊತ್ತ ಹಣ್ಣಿನ ನಡುವೆ ಹಾದು ಬರುವುದರಿಂದ ಮೊದಲ ದಿನಗಳಲ್ಲಿ ರಿಟರ್ನ್ ಗಾಳಿ ಸೆಟ್ ಪಾಯಿಂಟ್‌ಗಿಂತ ಹೆಚ್ಚಿರುವುದು ಸಹಜ. ರಿಟರ್ನ್ ಕಾಲಮ್ಮನ್ನು ಮಾತ್ರ ಮುದ್ರಿಸಿದರೆ ಯಂತ್ರವೇ ಕೆಟ್ಟಿತ್ತೆಂಬ ಸಂಶಯ ಹುಟ್ಟುತ್ತದೆ. ಸರಕಿಗೆ ತಾಪಮಾನ ಅಳೆಯುವ ಪ್ರೋಬ್ ಚುಚ್ಚಿರದಿದ್ದರೆ ಆ ಖಾಲಿ ಕಾಲಮ್ಮುಗಳನ್ನು ತೆಗೆದುಹಾಕಿ, ಅಂಕಿಗಳಿಗೆ ಜಾಗ ಸಿಗುತ್ತದೆ.

ಗ್ರಾಫಿನ ಅಳತೆಯನ್ನು ನೀವೇ ನಿಗದಿಪಡಿಸಬೇಕು. ಸೆಟ್ ಪಾಯಿಂಟ್ 13 ಡಿಗ್ರಿ ಸೆಲ್ಸಿಯಸ್ ಇರುವಾಗ 5ರಿಂದ 25ರವರೆಗಿನ ಅಳತೆ ಹೊಂದುತ್ತದೆ. ಮೈನಸ್ 30ರಿಂದ ಪ್ಲಸ್ 30ರವರೆಗೆ ಬಿಟ್ಟರೆ ನಾಲ್ಕು ಡಿಗ್ರಿಯ ಏರಿಕೆಯೂ ಕಣ್ಣಿಗೆ ಬೀಳುವುದಿಲ್ಲ. ತಂತ್ರಾಂಶಕ್ಕೇ ಬಿಟ್ಟುಕೊಟ್ಟರೆ ಅರ್ಧ ಡಿಗ್ರಿಯ ಏರಿಳಿತವೂ ನಂದಿಬೆಟ್ಟದಂತೆ ಎದ್ದು ನಿಲ್ಲಬಹುದು. ಬಣ್ಣದ ಪ್ರಿಂಟರ್ ಇಲ್ಲದಿದ್ದರೆ ಸಪ್ಲೈಗೆ ಅಖಂಡ ರೇಖೆ, ರಿಟರ್ನ್‌ಗೆ ತುಂಡು ರೇಖೆ ಆರಿಸಿ, ಏಕೆಂದರೆ ಕಪ್ಪುಬಿಳುಪಿನಲ್ಲಿ ಕೆಂಪು ನೀಲಿಗಳೆರಡೂ ಒಂದೇ ಬೂದಿಯಾಗುತ್ತವೆ.

ವಿದ್ಯುತ್ ನಿಂತದ್ದು, ಡೀಫ್ರಾಸ್ಟ್ ನಡೆದದ್ದು, ಅಲಾರಂ ಬಂದದ್ದು ಇವುಗಳ ಪಟ್ಟಿಯನ್ನು ಗ್ರಾಫಿನ ಹಿಂದೆಯೇ ಲಗತ್ತಿಸಬೇಕು. ಚಿಕ್ಕಬಳ್ಳಾಪುರದ ದ್ರಾಕ್ಷಿಯನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಕಳುಹಿಸುವವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಗಾಳಿಯನ್ನು ತಂಪಾಗಿಸುವ ಕಾಯಿಲ್ ಮೇಲಿನ ಮಂಜನ್ನು ಡೀಫ್ರಾಸ್ಟ್‌ನಲ್ಲಿ ಕರಗಿಸಿದಾಗಲೆಲ್ಲ ದಾಖಲಾದ ತಾಪಮಾನ ಸ್ವಲ್ಪ ಹೊತ್ತು ಮೇಲೇರಬಹುದು, ಪಟ್ಟಿಯಿಲ್ಲದೆ ಅದಕ್ಕೆ ಕಾರಣ ತಿಳಿಯದು.

ಇಷ್ಟಾದ ಮೇಲೆ ನೇರವಾಗಿ ಮುದ್ರಿಸದೆ ಮೊದಲು ಪಿಡಿಎಫ್ ಮಾಡಿಕೊಳ್ಳಿ. ಕಾಗದದ ಅಳತೆ ಲೆಟರ್ ಎಂದಿದ್ದರೆ ಎ4ಗೆ ಬದಲಾಯಿಸಿ, ಇಲ್ಲವಾದರೆ ಅಂಚಿನ ಕಾಲಮ್ ಕತ್ತರಿಸಿಹೋಗಬಹುದು. ಗ್ರಾಫನ್ನು ಅಡ್ಡಲಾಗಿ, ಕೋಷ್ಟಕವನ್ನು ಉದ್ದವಾಗಿ ಇಡಿ. ಇಪ್ಪತ್ತು ದಿನಗಳ ಪ್ರಯಾಣಕ್ಕೆ ಗಂಟೆಗೊಂದರಂತೆ 480 ಸಾಲುಗಳಾಗುತ್ತವೆ, ಪುಟಕ್ಕೆ 40 ಸಾಲಿನಂತೆ 12 ಪುಟ. ಪ್ರತಿ ಪುಟದಲ್ಲಿಯೂ ಕಂಟೇನರ್ ಸಂಖ್ಯೆ ಮತ್ತು ಪುಟ ಸಂಖ್ಯೆ ಬರುವಂತೆ ನೋಡಿಕೊಳ್ಳಿ. ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋಗುವವರು ಒಂದೇ ಬದಿಗೆ ಮುದ್ರಿಸಲು ಮೊದಲೇ ಹೇಳಬೇಕು, ಸ್ಕ್ಯಾನ್ ಮಾಡುವಾಗ ಹಿಂಬದಿಯ ಪುಟಗಳು ಬಿಟ್ಟುಹೋಗುವುದೇ ಹೆಚ್ಚು.

ಮುದ್ರಿತ ಪ್ರತಿಯೊಂದಿಗೆ ಮೂಲ ಕಡತವನ್ನೂ ಹೆಸರು ಬದಲಾಯಿಸದೆ ಇಮೇಲ್‌ನಲ್ಲಿ ಕಳುಹಿಸಿ. ಎಕ್ಸೆಲ್‌ಗೆ ಇಳಿಸಿದ ಪ್ರತಿಯನ್ನು ಯಾರು ಬೇಕಾದರೂ ತಿದ್ದಬಹುದಾದ್ದರಿಂದ ಅದು ನಿಮ್ಮ ಕಚೇರಿಯ ಲೆಕ್ಕಕ್ಕೆ ಮಾತ್ರ ಇರಲಿ.