ಪಾರ್ಕಿನ ಐಸ್ ರಿಂಕು: ಕೆನಡಾಕ್ಕೆ ಹೊಸದಾಗಿ ಬಂದವರಿಗೆ

ಮೊದಲ ಚಳಿಗಾಲದಲ್ಲೇ ಮಕ್ಕಳು ಸ್ಕೇಟ್ ಬೇಕೆಂದು ಹಟ ಹಿಡಿಯುತ್ತಾರೆ. ಕೊಡಿಸಿ, ನೀವೂ ಕೊಂಡುಕೊಳ್ಳಿ. ಆರು ತಿಂಗಳ ಚಳಿಯನ್ನು ಕಿಟಕಿಯ ಹಿಂದೆ ಕುಳಿತು ಕಳೆಯುವವರಿಗೆ ಈ ದೇಶ ಒಗ್ಗುವುದು ಕಷ್ಟ. ಆದರೆ ರಿಂಕಿಗೆ, ಅಂದರೆ ಸ್ಕೇಟ್ ಕಟ್ಟಿಕೊಂಡು ಜಾರುವ ಮಂಜುಗಡ್ಡೆಯ ಅಂಗಳಕ್ಕೆ, ಇಳಿಯುವ ಮೊದಲು ಅಲ್ಲಿನ ಮಂಜುಗಡ್ಡೆ ಎಲ್ಲಿಂದ ಬಂತು ಎಂಬುದು ಗೊತ್ತಿರಲಿ. ಚಳಿ ಬಿದ್ದ ಮಾತ್ರಕ್ಕೆ ಅದು ತಾನಾಗಿ ಆಗುವಂಥದ್ದಲ್ಲ.

ನಗರದ ರಿಂಕುಗಳಲ್ಲಿ ಎರಡು ಬಗೆ. ಒಂದರಲ್ಲಿ ಕಾಂಕ್ರೀಟಿನೊಳಗೆ ಕೊಳವೆಗಳಿರುತ್ತವೆ. ಯಂತ್ರ ತಣಿಸಿದ ಉಪ್ಪುನೀರು ಅವುಗಳಲ್ಲಿ ಹರಿಯುವುದರಿಂದ, ಹೊರಗಿನ ತಾಪಮಾನ ಸೊನ್ನೆ ದಾಟಿದರೂ ಗಡ್ಡೆ ಕರಗದೆ ನಿಲ್ಲುತ್ತದೆ. ಗಡ್ಡೆಯ ಮೇಲೆ ಓಡಾಡುವ ದೊಡ್ಡ ಗಾಡಿಗೆ ಜಾಂಬೋನಿ ಎನ್ನುತ್ತಾರೆ. ಕ್ಯಾಲಿಫೋರ್ನಿಯಾದ ಫ್ರಾಂಕ್ ಜಾಂಬೋನಿ 1949ರಲ್ಲಿ ಸಿದ್ಧಪಡಿಸಿದ ಯಂತ್ರದ ಹೆಸರು ಹಾಗೆಯೇ ಉಳಿದಿದೆ. ಅದು ಒರಟು ಮೇಲ್ಪದರವನ್ನು ಹೆರೆದು, ಪುಡಿಯನ್ನು ಒಳಗೆಳೆದುಕೊಂಡು, ಹಿಂದಿನಿಂದ ತೆಳುವಾಗಿ ಬಿಸಿನೀರು ಬಳಿಯುತ್ತದೆ. ಬಿಸಿನೀರೇಕೆ ಎಂದು ನಾನೂ ಕೇಳಿದ್ದೆ. ಅದು ಹಳೆಯ ಪದರವನ್ನು ಚೂರು ಕರಗಿಸಿಕೊಂಡು ಒಂದಾಗಿ ಹೆಪ್ಪುಗಟ್ಟುತ್ತದೆ. ಅದರಲ್ಲಿ ಗಾಳಿಯ ಗುಳ್ಳೆಗಳೂ ಕಡಿಮೆ. ಗಾಡಿ ಹೊರಗೆ ಹೋದ ಮೇಲೂ ಹೊಳಪು ಆರುವವರೆಗೆ ಕಾಯಬೇಕು. ಮಕ್ಕಳ ಕೈ ಹಿಡಿದಿಟ್ಟುಕೊಳ್ಳಿ.

ನನ್ನ ಮನಸ್ಸಿಗೆ ಹತ್ತಿರವಾದದ್ದು ಎರಡನೆಯದು. ಕೊಳವೆಯೂ ಇಲ್ಲ, ಯಂತ್ರವೂ ಇಲ್ಲ. ಪಾರ್ಕಿನ ಬಯಲು, ಒಂದು ನಲ್ಲಿ, ಬಡಾವಣೆಯ ನಾಲ್ಕಾರು ಜನ, ಅಷ್ಟೇ. ಒಟ್ಟಾವಾ, ಕ್ಯಾಲ್ಗರಿಯಂಥ ಊರುಗಳಲ್ಲಿ ಇಂಥ ಅನೇಕ ರಿಂಕುಗಳು ಸ್ವಯಂಸೇವಕರ ಕೈಯಲ್ಲೇ ನಡೆಯುತ್ತವೆ. ನೆಲ ಗಟ್ಟಿಯಾಗಿ ಹೆಪ್ಪುಗಟ್ಟಿದ ಮೇಲೆ ಮೊದಲು ಹಿಮವನ್ನು ತುಳಿದು ಸಮ ಮಾಡಿ ನೆನೆಸುತ್ತಾರೆ. ಆಮೇಲೆ ರಾತ್ರಿ ರಾತ್ರಿ ನೀರು ಹಾಯಿಸುವ ಕೆಲಸ.

ಈ ಕೆಲಸದ ಗುಟ್ಟೆಲ್ಲ ತೆಳುವಾಗಿ ಹಾಯಿಸುವುದರಲ್ಲಿದೆ. ಆಸೆಗೆ ಬಿದ್ದು ಒಮ್ಮೆಲೇ ಹೆಚ್ಚು ನೀರು ಬಿಟ್ಟರೆ ಮೇಲ್ಮೈ ಮಾತ್ರ ಹೆಪ್ಪುಗಟ್ಟಿ, ಕೆಳಗಿನ ನೀರು ನೆಲಕ್ಕೆ ಇಂಗಿ, ನಡುವೆ ಟೊಳ್ಳು ಉಳಿಯುತ್ತದೆ. ಮಾರನೆಯ ದಿನ ಮಗುವೊಂದು ಅದರ ಮೇಲೆ ಹೋದರೆ ಗಾಜಿನಂತೆ ಒಡೆಯುತ್ತದೆ. ಸಲಿಕೆಯ ಹಿಡಿಯಿಂದ ತಟ್ಟಿದರೆ ಟೊಳ್ಳು ಸದ್ದಿನಿಂದಲೇ ಗೊತ್ತಾಗುತ್ತದೆ. ಅಂಥ ಜಾಗವನ್ನು ಒಡೆದು, ನೀರಿನಲ್ಲಿ ಕಲಸಿದ ಹಿಮವನ್ನು ಗಾರೆಯಂತೆ ಒತ್ತಿ ತುಂಬಿ, ಸಲಿಕೆಯ ಬೆನ್ನಿನಿಂದ ಸವರಬೇಕು. ಬಿರುಕುಗಳಿಗೂ ಇದೇ ಮದ್ದು.

ನೀರು ಹಾಯಿಸುವವರು ರಿಂಕಿನ ದೂರದ ಮೂಲೆಯಿಂದ ಶುರುಮಾಡಿ, ಹಿಂದಕ್ಕೆ ಹೆಜ್ಜೆಯಿಡುತ್ತ ನಲ್ಲಿಯ ಕಡೆಗೆ ಬರುತ್ತಾರೆ, ಅಂಗಳ ಸಾರಿಸುವವರಂತೆ. ಕೈ ಒಂದೇ ಕಡೆ ನಿಂತರೆ ಅಲ್ಲಿ ದಿಬ್ಬವೇಳುತ್ತದೆ. ಮೈನಸ್ ಹದಿನೈದರಲ್ಲಿ ಪೈಪಿನ ಬಾಯಿಂದ ಹಬೆಯೇಳುತ್ತದೆ, ಕೈಗವಸು ಮರದಂತೆ ಬಿರುಸಾಗುತ್ತದೆ. ಕೆಲಸ ಮುಗಿದ ಮೇಲೆ ಪೈಪನ್ನು ಹೆಗಲ ಮೇಲೆ ಹೊತ್ತು, ಉದ್ದಕ್ಕೂ ನಡೆದು, ಕೊನೆಯ ಹನಿಯವರೆಗೆ ಬಸಿಯಬೇಕು. ಒಳಗೆ ನೀರು ಉಳಿದರೆ ಮರುದಿನ ಪೈಪಿನ ಬದಲು ಮಂಜುಗಡ್ಡೆಯ ಕೋಲು ಸಿಗುತ್ತದೆ.

ನನ್ನ ಮೊದಲ ವರ್ಷದ ಒಂದು ಭಾನುವಾರ ತಾಪಮಾನ ಸೊನ್ನೆಯ ಮೇಲೆ ಎರಡು ಡಿಗ್ರಿಗೆ ಏರಿತ್ತು. ಮುಚ್ಚಲಾಗಿದೆ ಎಂಬ ಫಲಕ ನೋಡಿಯೂ, ಫೋಟೋ ತೆಗೆಯೋಣವೆಂದು ಇಬ್ಬರು ಮಕ್ಕಳೊಂದಿಗೆ ಬೂಟುಗಾಲಿನಲ್ಲಿ ನಡುವಿನವರೆಗೂ ನಡೆದುಬಿಟ್ಟೆ. ರಾತ್ರಿ ಚಳಿ ಮರಳಿತು. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ನೋಡಿದರೆ ನಮ್ಮ ಹೆಜ್ಜೆಗಳೆಲ್ಲ ಅಚ್ಚೊತ್ತಿದಂತೆ ಕಲ್ಲಾಗಿವೆ. ಒಬ್ಬ ಹಿರಿಯರು ಮಂಡಿಯೂರಿ ಒಂದೊಂದನ್ನೇ ತುಂಬುತ್ತಿದ್ದರು. ಮಗನ ಪುಟ್ಟ ಹೆಜ್ಜೆಯನ್ನು ಅವರು ಅಂಗೈಯಿಂದ ಸವರಿದ್ದು ಇಂದಿಗೂ ಕಣ್ಣ ಮುಂದಿದೆ. ಅಂದು ಸಂಜೆ ಸಲಿಕೆ ಹಿಡಿದು ಹೋದವನು ಪ್ರತಿ ಚಳಿಗಾಲವೂ ಹೋಗುತ್ತಿದ್ದೇನೆ.

ಆದ್ದರಿಂದ ಫಲಕದ ಮಾತು ಮೀರಬೇಡಿ. ರಸ್ತೆಯ ಉಪ್ಪು, ಮರಳು ಅಂಟಿದ ಬೂಟಿನಲ್ಲಿ ಗಡ್ಡೆಯ ಮೇಲೆ ಕಾಲಿಡಬೇಡಿ: ಉಪ್ಪು ಗಡ್ಡೆಯನ್ನು ಕೊರೆಯುತ್ತದೆ, ಮರಳು ಸ್ಕೇಟಿನ ಅಲಗನ್ನು ಮೊಂಡು ಮಾಡುತ್ತದೆ. ಹಿಮ ಬಿದ್ದಿದ್ದರೆ ಆಡುವ ಮೊದಲು ಗುಡಿಸಿ. ಹಿಮವು ಕಂಬಳಿಯಂತೆ ಚಳಿಯನ್ನು ತಡೆಯುತ್ತದೆ, ನೆನೆದು ಹೆಪ್ಪುಗಟ್ಟಿದರೆ ಮೈಯೆಲ್ಲ ಗಂಟುಗಂಟಾಗುತ್ತದೆ. ಮಕ್ಕಳಿಗೆ ಹೆಲ್ಮೆಟ್ ಹಾಕಿಸಿ. ಹಾಕಿಯ ಹೊತ್ತು ಬೇರೆ, ಸುಮ್ಮನೆ ಜಾರುವ ಹೊತ್ತು ಬೇರೆ; ವೇಳಾಪಟ್ಟಿ ನೋಡಿ ಹೊರಡಿ.

ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ಬಡಾವಣೆಯ ಮಳೆನೀರಿನ ಕೊಳ ಹೆಪ್ಪುಗಟ್ಟಿ ಚೆಂದ ಕಾಣಿಸಿದರೂ ಇಳಿಯಬೇಡಿ. ಅಡಿಯಲ್ಲಿ ನೀರು ಹರಿಯುತ್ತಿರುತ್ತದೆ, ರಸ್ತೆಯ ಉಪ್ಪೂ ಸೇರಿರುತ್ತದೆ. ದಪ್ಪ ಎಲ್ಲೆಡೆ ಒಂದೇ ಇರುವುದಿಲ್ಲ. ಒಟ್ಟಾವಾದ 7.8 ಕಿಲೋಮೀಟರ್ ಉದ್ದದ ರಿಡೋ ಕಾಲುವೆಯ ಸ್ಕೇಟಿಂಗ್ ಹಾದಿಯನ್ನೇ ನೋಡಿ. 2022-23ರ ಚಳಿಗಾಲದಲ್ಲಿ ಮಂಜುಗಡ್ಡೆ ಸಾಕಷ್ಟು ಗಟ್ಟಿಯಾಗದೆ ಅದನ್ನು ತೆರೆಯಲೇ ಇಲ್ಲ. ದಿನವೂ ಕೊರೆದು ಅಳೆಯುವವರೇ ಬೇಡವೆಂದ ಮೇಲೆ, ಯಾರೂ ಅಳೆಯದ ಕೊಳವನ್ನು ನಂಬುವುದು ಹೇಗೆ?

ನೆರವಾಗಬೇಕೆನಿಸಿದರೆ ನಗರಾಡಳಿತದ ಮಾಹಿತಿ ಸಂಖ್ಯೆ 311ಕ್ಕೆ ಕರೆ ಮಾಡಿ, ನಿಮ್ಮ ಪಾರ್ಕಿನ ರಿಂಕನ್ನು ಯಾರು ನೋಡಿಕೊಳ್ಳುತ್ತಾರೆಂದು ಕೇಳಿ. ಸ್ಕೇಟಿಂಗ್ ಬಾರದಿದ್ದರೂ ಪರವಾಗಿಲ್ಲ. ಹಿಮ ಎತ್ತುವಾಗ ಅಂಚಿನಿಂದ ಸಾಕಷ್ಟು ದೂರಕ್ಕೆ ಎಸೆಯಿರಿ, ಇಲ್ಲವಾದರೆ ವಾರ ವಾರಕ್ಕೂ ರಿಂಕು ಕಿರಿದಾಗುತ್ತದೆ. ಹೊರಡುವಾಗ ಸಲಿಕೆಯನ್ನು ಹಿಮದ ಗುಡ್ಡೆಗೆ ನೆಟ್ಟಗೆ ಚುಚ್ಚಿ ನಿಲ್ಲಿಸಿ. ಮಲಗಿಸಿಟ್ಟರೆ ರಾತ್ರಿ ಬಿದ್ದ ಹಿಮದಲ್ಲಿ ಹೂತು, ಬೆಳಿಗ್ಗೆ ಮೊದಲು ಬಂದವರ ಕೈಗೆ ಸಿಗುವುದಿಲ್ಲ.